ಅಂಚು ಗೊಂಬೆಗೆ, ಒಡಲು ಕೌದಿಗೆ

ನವರಾತ್ರಿ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಸವೆದ ಧಾರೆ ಸೀರೆ ಪಟ್ಟದ ರಾಣಿಗೆ ಉಡುಗೆಯಾಗುತ್ತದೆ, ಅಜ್ಜನ ಪಂಚೆ ದೀಪಕ್ಕೆ ಬತ್ತಿಯಾಗುತ್ತದೆ. ಹಳೇ ಬಟ್ಟೆಯಲ್ಲಿ ಮನೆ ಸಿಂಗರಿಸುವ ಕಸುಬು ಕನ್ನಡ ನಾಡಿಗೆ ತಲೆಮಾರುಗಳಷ್ಟು ಹಳತು. ಈಗ ಅದರ ಮುಂದೆ ಕೊಳೆಯದ ಬಟ್ಟೆಯ ರಾಶಿ ಬಿದ್ದಿದೆ.

ತುಮಕೂರು ಜಿಲ್ಲೆಯ ಹಾಗಲವಾಡಿ ಸುತ್ತಿನ ಹೊಲಗಳಲ್ಲಿ ರಾಗಿ ತೆನೆಗಟ್ಟುವ ಹೊತ್ತಿಗೆ ಬೇಲಿಗಳಿಗೆ ಬಣ್ಣ ಏರುತ್ತದೆ. ಗಿಳಿಹಸಿರು, ಕನಕಾಂಬರ, ಕಡುನೀಲಿ. ಕಲ್ಲುಕಂಬದಿಂದ ಜಾಲಿ ಗೂಟಕ್ಕೆ, ಗೂಟದಿಂದ ಹೊಂಗೆ ಮರಕ್ಕೆ ಹಳೇ ಸೀರೆಗಳನ್ನು ಉದ್ದಕ್ಕೆ ಬಿಗಿದಿರುತ್ತಾರೆ. ಗಾಳಿ ಬಂದರೆ ಪಟಪಟ ಸದ್ದು. ಆ ಸದ್ದಿಗೆ ನವಿಲು ಹಿಂಜರಿಯುತ್ತದೆ, ರಾತ್ರಿ ನುಗ್ಗುವ ಕಾಡುಹಂದಿಗೂ ಒಂದಿಷ್ಟು ಅಳುಕು. ಹೊಲದ ನಡುವೆ ನಿಂತ ಬೆದರುಬೊಂಬೆಗೆ ಮಡಕೆಯ ತಲೆ, ಮೈಗೆ ಯಾರದೋ ಚೌಕಳಿ ಶರಟು.

ಬೇಲಿಯ ಬಳಿ ನಿಂತು ಸೀರೆಯ ಒಂದು ಚುಂಗು ಕೈಯಲ್ಲಿ ಹಿಡಿದು ನೋಡಬೇಕು. ಹೆಚ್ಚಿನವು ಪಾಲಿಸ್ಟರ್. ಬಿಸಿಲಿಗೆ ಬಣ್ಣ ಮಾಸಿದರೂ ನೂಲು ಬೇಗ ಹರಿಯುವುದಿಲ್ಲ, ಮಳೆಗೆ ನೆನೆದರೆ ಗಳಿಗೆಯಲ್ಲಿ ಒಣಗುತ್ತದೆ. ಬೇಲಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಮನೆಯೊಳಗೆ ಇದರಿಂದ ಹೆಚ್ಚಿನ ಉಪಯೋಗವೂ ಇಲ್ಲ: ಬೆವರು ಹೀರದು, ನೆಲ ಒರೆಸದು, ಬತ್ತಿಯಾಗಿ ಉರಿಯದು.

ಅದೇ ವಾರ ತುಮಕೂರು, ಗುಬ್ಬಿ, ಕುಣಿಗಲ್ ಪೇಟೆಗಳ ಮನೆಗಳಲ್ಲಿ ಬೇರೊಂದು ಬಗೆಯ ಹಳೇ ಸೀರೆಗೆ ಕರೆ ಬಂದಿರುತ್ತದೆ. ಗೊಂಬೆ ಕೂರಿಸುವ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಟ್ರಂಕು ತೆರೆಯುತ್ತಾರೆ. ಮಡಿಕೆಯಲ್ಲೇ ಬಿರುಕು ಬಿಟ್ಟ ಧರ್ಮಾವರ, ಒಡಲು ಜೀರ್ಣವಾಗಿ ಅಂಚು ಮಾತ್ರ ಗಟ್ಟಿಯಿರುವ ಮೊಳಕಾಲ್ಮೂರು, ಸೆರಗಿನಲ್ಲಿ ಕುಂಕುಮದ ಕಲೆ ಉಳಿದ ಮೈಸೂರು ಸಿಲ್ಕ್. ಉಡಲು ಬಾರದು, ಎಸೆಯಲು ಮನಸ್ಸು ಬಾರದು. ಗೊಂಬೆಗಳಿಗೆ ಬೇಕಾದದ್ದು ಇವೇ.

ಗೇಣುದ್ದದ ರಾಣಿಗೆ ಧಾರೆ ಸೀರೆ

ಹಳೇ ಮೈಸೂರು ಸೀಮೆಯಲ್ಲಿ ಪಟ್ಟದ ಗೊಂಬೆಗಳೆಂದರೆ ರಾಜ–ರಾಣಿಯ ಮರದ ಜೋಡಿ. ರಕ್ತಚಂದನದಲ್ಲಿ ಕಡೆದ ಗೊಂಬೆಗಳಿಗೆ ಮೊದಲ ಮರ್ಯಾದೆ. ಮದುವೆಯಾದ ಮಗಳಿಗೆ ತವರಿನವರು ಬಳುವಳಿಯಾಗಿ ಕೊಡುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದ ಜೋಡಿಗಳು ಇಂದಿಗೂ ಎಷ್ಟೋ ಮನೆಗಳ ಮೇಲಿನ ಮೆಟ್ಟಿಲಲ್ಲಿ ನಿಲ್ಲುತ್ತವೆ. ಗೊಂಬೆ ಹಳೆಯದಾದರೂ ವರ್ಷ ವರ್ಷ ಉಡುಗೆ ಹೊಸದಾಗಬೇಕು. ಆ ಹೊಸ ಉಡುಗೆ ಹುಟ್ಟುವುದು ಹಳೇ ಸೀರೆಯಲ್ಲಿ.

ಉಡಿಸುವುದೇ ಒಂದು ಕಲೆ. ರಾಣಿಗೆ ಸೀರೆಯ ಅಂಚಿನಿಂದ ಗೇಣಗಲದ ಪಟ್ಟಿ ಕತ್ತರಿಸಬೇಕು. ಜರಿಯ ಬದಿ ಕೆಳಗೆ ಬರಬೇಕು. ಕತ್ತರಿಸಿದ ಬದಿಯನ್ನು ಒಳಕ್ಕೆ ಮಡಿಸಿ ಸಣ್ಣ ಹೊಲಿಗೆ ಹಾಕದಿದ್ದರೆ ರೇಷ್ಮೆಯ ಎಳೆ ಬಿಚ್ಚುತ್ತಾ ಹೋಗುತ್ತದೆ. ಬೆರಳಿನ ಅಗಲಕ್ಕೂ ಕಿರಿದಾದ ನೆರಿಗೆಗಳನ್ನು ಹಿಡಿದು, ಸೊಂಟಕ್ಕೆ ದಾರ ಸುತ್ತಿ ಬಿಗಿದ ಮೇಲೆ, ಉಳಿದ ತುದಿಯನ್ನು ಎಡ ಹೆಗಲ ಮೇಲೆ ಹಾಯಿಸಿ ಬೆನ್ನಿನ ಹಿಂದೆ ಒಂದೇ ಒಂದು ಹೊಲಿಗೆಯಲ್ಲಿ ನಿಲ್ಲಿಸುತ್ತಾರೆ. ಸೊಂಟದ ದಾರ ಕಾಣದಂತೆ ಮೇಲೊಂದು ಜರಿಯ ಎಳೆ ಸುತ್ತಿದರೆ ಅದೇ ಡಾಬು. ರಾಜನಿಗೆ ಕಚ್ಚೆ, ಅದೇ ಅಂಚಿನ ಸಣ್ಣ ಪಟ್ಟಿಯನ್ನು ಹುರಿ ಮಾಡಿ ಸುತ್ತಿದ ಪೇಟ.

ಬಲ್ಲವರು ಇಲ್ಲಿ ಗೋಂದು ಮುಟ್ಟುವುದಿಲ್ಲ. ಗೋಂದು ಒಣಗಿದರೆ ರೇಷ್ಮೆ ಬಿರುಸಾಗುತ್ತದೆ, ಜಿರಳೆ ಬರುತ್ತದೆ, ಮುಂದಿನ ವರ್ಷ ಕೀಳುವಾಗ ಗೊಂಬೆಯ ಬಣ್ಣವೂ ಎದ್ದು ಬರುತ್ತದೆ. ಸೂಜಿ, ದಾರ ಸಾಕು. ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸಿದ ಮೇಲೆ ಒಂದೊಂದನ್ನೂ ಸುತ್ತಿಡುವುದು ಮೆತ್ತಗಾದ ಹಳೇ ಪಂಚೆಯಲ್ಲಿ. ಮೆಟ್ಟಿಲ ಮೇಲೆ ಹಾಸಿದ್ದೂ ಪಂಚೆಯೇ. ಹಬ್ಬದ ಕಣ್ಣಿಗೆ ಕಾಣುವುದು ರೇಷ್ಮೆ, ಅದನ್ನು ವರ್ಷವಿಡೀ ಕಾಪಾಡುವುದು ಹತ್ತಿ.

■ ಸೀರೆಯ ಲೆಕ್ಕ
ಇಂದಿನ ಸಾಮಾನ್ಯ ಸೀರೆಯ ಉದ್ದ ಸುಮಾರು ಐದೂವರೆ ಮೀಟರ್. ಕಚ್ಚೆ ಸೀರೆ ಎಂಟೊಂಬತ್ತು ಗಜ. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾಯಿತು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಅಸಲಿ ಜರಿಯ ಹಳೇ ಸೀರೆಗೆ ಅಂಗಡಿಗಳಲ್ಲಿ ಬೆಲೆ ಕಟ್ಟುವುದು ಈ ಬೆಳ್ಳಿಗೆ. ಸೀರೆಯನ್ನು ಸುಟ್ಟು ಲೋಹ ತೆಗೆಯುತ್ತಾರೆ, ನೇಯ್ಗೆ ಬೂದಿಯಾಗುತ್ತದೆ.

ಮಸಿಬಟ್ಟೆಗೂ ಮುನ್ನ ಹತ್ತು ಬದುಕು

ಮೂರು ತಲೆಮಾರಿನ ಹಿಂದಿನ ಮನೆಯಲ್ಲಿ ಬಟ್ಟೆ ಒಂದೇ ಏಟಿಗೆ ಕಸವಾಗುತ್ತಿರಲಿಲ್ಲ. ರೇಷ್ಮೆ ಸೀರೆ ಸವೆದರೆ ಮೊಮ್ಮಗಳಿಗೆ ಲಂಗ, ಲಂಗ ಗಿಡ್ಡವಾದರೆ ಕುಪ್ಪಸದ ತೋಳು, ಉಳಿದ ಚೂರು ಕೂಸಿನ ಕುಲಾವಿಗೆ. ನೂಲಿನ ಸೀರೆಯ ದಾರಿ ಬೇರೆ. ತೊಲೆಗೆ ಕಟ್ಟಿದರೆ ಜೋಲಿ, ನಾಲ್ಕು ಮಡಿಕೆ ಹೊಲಿದರೆ ದುಪ್ಪಟಿ, ಹುರಿ ಮಾಡಿ ಸುತ್ತಿದರೆ ನೀರಿನ ಬಿಂದಿಗೆ ಹೊರಲು ಸಿಂಬೆ. ಕೊನೆಗೆ ಒಲೆಯ ಪಕ್ಕದ ಮಸಿಬಟ್ಟೆ. ಬಿಳಿ ಪಂಚೆಯ ಕೊನೆ ಇನ್ನೂ ಗೌರವದ್ದು: ದೇವರ ದೀಪದ ಬತ್ತಿ, ಇಲ್ಲವೇ ಜಾತ್ರೆಯ ಪಂಜು. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಸಹ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆ. ಹೊಸ ಬಟ್ಟೆಯ ಗಂಜಿ ಎಳೆ ಮೈಗೆ ಆಗದು ಎಂಬುದು ಅವರ ಅನುಭವದ ಮಾತು.

ಹುಡುಗರಿಗೆ ಚಿಂದಿಯ ಚೆಂಡು. ಅದಿಲ್ಲದೆ ಲಗೋರಿ ಇಲ್ಲ.

ಗುಬ್ಬಿ ಸೀಮೆಯ ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ನೆನಪಿರುವ ಇನ್ನೊಂದು ವಸ್ತು ಎಲೆಅಡಿಕೆ ಸಂಚಿ. ಅಂಗೈಗಿಂತ ತುಸು ದೊಡ್ಡದಾದ ಬಟ್ಟೆಯ ಚೀಲ. ಒಳಗೆ ಪುಸ್ತಕದ ಹಾಳೆಗಳಂತೆ ಒಂದರ ಹಿಂದೊಂದು ಅರೆಗಳು: ವೀಳ್ಯದೆಲೆಗೆ ಒಂದು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಚಿಲ್ಲರೆ ಕಾಸಿಗೆ ಒಂದು. ಹೊರಗಡೆ ಕೆಂಪು, ಹಳದಿ, ಹಸಿರು ತುಂಡುಗಳ ಜೋಡಣೆ, ಬಾಯಿ ಬಿಗಿಯಲು ಎರಡು ದಾರ, ದಾರದ ತುದಿಗೆ ಕುಚ್ಚು. ಇಡೀ ಸಂಚಿಯಲ್ಲಿ ಹೊಸ ಬಟ್ಟೆ ಒಂದು ಚೂರೂ ಇಲ್ಲ. ಹೊಲಿದವರ ಜಾಣ್ಮೆ ಹೊರಗಿನ ಬಣ್ಣಕ್ಕಿಂತ ಒಳಗಿನ ಅರೆಗಳಲ್ಲಿ ಕಾಣುತ್ತದೆ. ಕೈಬಿಟ್ಟು ಹೋದ ಇಂಥ ಸಂಚಿಯೇ ಈಗ ಮೊಬೈಲು, ಕನ್ನಡಕ, ಬಸ್ಸಿನ ಚಿಲ್ಲರೆ ಇಡುವ ಪರ್ಸಾಗಿ ಮರಳಿ ಬರಲು ಯೋಗ್ಯವಾದದ್ದು.

ಊರ ಹಬ್ಬದ ಸಿಂಗಾರದಲ್ಲೂ ಬಟ್ಟೆಯ ತುಂಡಿಗೆ ಜಾಗವಿದೆ. ತುಮಕೂರು, ಹಾಸನ, ಮಂಡ್ಯ ಕಡೆಯ ಗ್ರಾಮದೇವತೆಗಳ ಮುಂದೆ ಕುಣಿಯುವ ಸೋಮನ ದೊಡ್ಡ ಮುಖವಾಡದ ಸುತ್ತ ಬೇವಿನ ಸೊಪ್ಪಿನ ಜೊತೆ ಬಣ್ಣದ ಬಟ್ಟೆಯ ಪಟ್ಟಿಗಳು ಇಳಿಬೀಳುತ್ತವೆ. ಪಟದ ಕುಣಿತದ ಉದ್ದನೆಯ ಬಿದಿರುಗಳಿಗೂ ಬಣ್ಣದ ವಸ್ತ್ರವೇ ಒಡವೆ.

ಆಮೇಲೆ ಪತ್ರಿಕೆಗಳ ಮಹಿಳಾ ಪುಟಗಳು ಬಂದವು. 'ಕಸದಿಂದ ರಸ' ಎಂಬ ತಲೆಬರಹದಡಿ ಕುಶನ್ ಕವರು, ರೇಡಿಯೊ ಹೊದಿಕೆ, ಟಿ.ವಿ. ಕವರು, ಗೋಡೆಯ ಪತ್ರ ಚೀಲ ಹೊಲಿಯುವ ಬಗೆಯನ್ನು ಕಲಿಸಿದವು. ಕಾಲುಮಿಷಿನ್ ಇದ್ದ ಮನೆಯಲ್ಲೆಲ್ಲ ಮಧ್ಯಾಹ್ನದ ಹೊತ್ತು ಅದೇ ಕೆಲಸ. ಇಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳು ಅದರ ಮುಂದುವರಿಕೆ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಆ ಕಾಲದವರು ಕೈಯಲ್ಲಿದ್ದ ಹಳೇ ಬಟ್ಟೆ ನೋಡಿ ವಸ್ತು ಯೋಚಿಸುತ್ತಿದ್ದರು. ಈಗ ವಿಡಿಯೊ ನೋಡಿ, ಅದಕ್ಕೆ ಹೊಂದುವ ಲೇಸು, ಮಣಿ, ಗನ್ನಿನ ಗೋಂದು ಕೊಳ್ಳಲು ಅಂಗಡಿಗೆ ಹೋಗುವವರಿದ್ದಾರೆ. ಹಳೇ ಟೀ–ಶರ್ಟ್ ಉಳಿಸಲು ಮೂರು ಪ್ಲಾಸ್ಟಿಕ್ ಪೊಟ್ಟಣ ಮನೆಗೆ ತಂದರೆ ಲೆಕ್ಕ ತಪ್ಪುತ್ತದೆ.

ಹೊಲಿಗೆ ಹೊರಗಿಂದ ಒಳಗೆ

ಹಳೇ ಬಟ್ಟೆಯ ಕೆಲಸದಲ್ಲಿ ಕನ್ನಡ ನಾಡು ಜಗತ್ತಿನ ಮುಂದೆ ಎದೆ ತಟ್ಟಿ ತೋರಿಸಬಹುದಾದ ವಸ್ತು ಕೌದಿ. ಉತ್ತರ ಕರ್ನಾಟಕದ ಮನೆ ಮನೆಯ ಹೊದಿಕೆ ಅದು. ನಾಲ್ಕೈದು ಹಳೇ ಸೀರೆ, ಧೋತರ, ಅಂಗಿಯ ತುಂಡುಗಳು ಪದರ ಪದರವಾಗಿ ಕೂಡಿ, ಉದ್ದಕ್ಕೂ ಓಡುವ ಸಾದಾ ಹೊಲಿಗೆಯಲ್ಲಿ ಒಂದಾಗುತ್ತವೆ. ಇಳಕಲ್ ಸೀರೆಯ ಕೆಂಪು ಸೆರಗು ಸಿಕ್ಕರೆ ಅದಕ್ಕೆ ಕಣ್ಣಿಗೆ ಕಾಣುವ ಜಾಗ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ಹಾಸಿದರೆ ತಣ್ಣಗೆ. ತವರಿನಿಂದ ಬಾಣಂತಿಯ ಜೊತೆ ಹೋಗುವ ಗಂಟಿನಲ್ಲಿ ಕೂಸಿನ ಪುಟ್ಟ ಕೌದಿಯೂ ಕುಂಚಿಗೆಯೂ ಇರಲೇಬೇಕು.

ಇನ್ಫೊಸಿಸ್ ಪ್ರತಿಷ್ಠಾನದ ಮೂಲಕ ಉತ್ತರ ಕರ್ನಾಟಕದ ದೇವದಾಸಿಯರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಸುಧಾ ಮೂರ್ತಿ ಅವರಿಗೆ ಆ ಮಹಿಳೆಯರು ಕೊಟ್ಟ ಕಾಣಿಕೆ ಇಂಥದ್ದೇ ಒಂದು ಹೊದಿಕೆ. ಆ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಮಂದಿ ಒಬ್ಬೊಬ್ಬರೂ ಒಂದೊಂದು ಹೊಲಿಗೆ ಹಾಕಿದ್ದರು. ಸುಧಾ ಮೂರ್ತಿ ಅವರ 2017ರ ಇಂಗ್ಲಿಷ್ ಪುಸ್ತಕ 'ತ್ರೀ ಥೌಸಂಡ್ ಸ್ಟಿಚಸ್' ಹೆಸರು ಪಡೆದದ್ದು ಅದರಿಂದ. ಹಣ ಕೊಟ್ಟು ಕೊಳ್ಳುವ ಯಾವ ಉಡುಗೊರೆಗೂ ಆ ತೂಕ ಬರಲಾರದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನ ಊರುಗಳಲ್ಲಿ ಕೌದಿಗೆ ಇನ್ನೊಂದು ರೂಪವಿದೆ. ಅದು ಸಿದ್ದಿ ಹೆಂಗಸರ ಕವಂದಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಈ ಸಮುದಾಯ. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ನಂಬಿಕೆಯವರು ಇವರಲ್ಲಿದ್ದಾರೆ. ಕವಂದಿ ಹೊಲಿಯುವ ಕ್ರಮ ಎಲ್ಲರಿಗೂ ಒಂದೇ.

ಆ ಕ್ರಮ ಕಣ್ಣಾರೆ ನೋಡುವಂಥದ್ದು. ನೆಲದ ಮೇಲೆ ಹಳೇ ಸೀರೆ ಹಾಸುತ್ತಾರೆ, ಅದು ಹಿಂಬದಿ. ಚೌಕಟ್ಟಿಲ್ಲ, ಗುಂಡುಪಿನ್ನಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ. ಒಂದು ಮೂಲೆಯಲ್ಲಿ ಕುಳಿತು ಅಂಚನ್ನು ಒಳಕ್ಕೆ ಮಡಿಸಿ ಹೊಲಿಯಲು ಹಿಡಿಯುತ್ತಾರೆ. ಕೈಗೆ ಬಂದ ತುಂಡನ್ನು ಇಟ್ಟು, ಅದರ ಬದಿ ಮಡಿಸಿ, ಮುಂದಿನ ತುಂಡನ್ನು ಅದರ ಮೇಲೆ ತುಸು ಏರಿಸಿ, ಸಾಲು ಹೊಲಿಗೆ ಹಾಕುತ್ತಾ ನಾಲ್ಕೂ ಬದಿ ಸುತ್ತುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹೀಗೆ ಹೊಲಿಗೆ ಹೊರಗಿನಿಂದ ಒಳಕ್ಕೆ ಬರುತ್ತಾ ನಟ್ಟನಡುವೆ ಮುಗಿಯುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗೆ ಮಡಿಸಿದ ಮುಕ್ಕೋನದ ತುಂಡುಗಳು. ಅದಕ್ಕೆ 'ಫುಲ' ಎನ್ನುತ್ತಾರೆ. ಫುಲ ಇಲ್ಲದ ಕವಂದಿ ಪೂರ್ತಿಯಾದ ಕವಂದಿ ಅಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಹೊದಿಕೆಗಳ ಬೆನ್ನು ಹತ್ತಿ ಬಂದರು. ಅವರ ಅಧ್ಯಯನ, ಹೆಂಗಸರ ಸಹಕಾರಿ ಪ್ರಯತ್ನ ಎರಡೂ ಕೂಡಿ ಸಿದ್ದಿಯರ ಕೌದಿ ಅಮೆರಿಕದ ಪ್ರದರ್ಶನಗಳವರೆಗೆ ಹೋಯಿತು. ಅಟ್ಲಾಂಟಿಕ್‌ನ ಆಚೆ ದಡದಲ್ಲೂ ಇದಕ್ಕೊಂದು ಜೋಡಿ ಇದೆ. ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನಲ್ಲಿ, ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರ ಸಂತತಿಯ ಹೆಂಗಸರು ಹೊಲದ ಕೆಲಸದ ಹಳೇ ಬಟ್ಟೆಗಳಿಂದ ಹೊದಿಕೆ ಹೊಲಿಯುತ್ತಾ ಬಂದಿದ್ದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆ ಚೀಟಿ ಹೊರತಂದಿತು. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಜಪಾನಿನ ಬೊರೊ ಎಲ್ಲವೂ ಇದೇ ಬಳಗ. ನಮ್ಮ ಕವಂದಿಗೂ ಒಂದು ಅಂಚೆ ಚೀಟಿಯ ಯೋಗ್ಯತೆ ಇದೆ ಎಂದು ಕೇಳಲು ಸಂಕೋಚ ಬೇಕಿಲ್ಲ.

■ ಗೊಂಬೆಯ ಮೈಯೊಳಗೂ ಚಿಂದಿ
ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಮೈಗೆ ಬಳಿಯುವ 'ಕಿಟ್ಟ' ತಯಾರಾಗುವುದು ಗೋಣಿಯ ಚಿಂದಿಯಿಂದ. ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸುತ್ತಾರೆ. ಗೊಂಬೆಯ ಮೇಲ್ಮೈಗೆ ಹತ್ತಿ ಬಟ್ಟೆಯ ತುಂಡುಗಳನ್ನು ಅಂಟಿಸಿದ ಮೇಲೆಯೇ ಬಣ್ಣದ ಕೆಲಸ.

ತಾಂಡಾದ ಕನ್ನಡಿ ಹೊಲಿಗೆ

ಉಡುಗೆಯನ್ನೇ ಒಡವೆ ಮಾಡಿಕೊಂಡವರು ಲಂಬಾಣಿಗರು. ಬಟ್ಟೆಯ ತುಂಡುಗಳನ್ನು ಜೋಡಿಸಿ, ಕನ್ನಡಿ, ಕವಡೆ, ನಾಣ್ಯ, ಬಣ್ಣದ ದಾರದಲ್ಲಿ ಬಿಗಿದರೆ ಸವೆದ ತುಂಡೂ ಮಿಂಚುತ್ತದೆ. ತುಮಕೂರು ಜಿಲ್ಲೆಯಲ್ಲೂ ತಾಂಡಾಗಳಿವೆ, ಆದರೆ ಕಸೂತಿಗೆ ಮಾರುಕಟ್ಟೆ ಒದಗಿದ್ದು ಸಂಡೂರಿನಲ್ಲಿ. ಅಲ್ಲಿನ ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಮನೆಯ ಹೊಲಿಗೆಯಿಂದ ಕೂಲಿ ಹುಟ್ಟುವ ದಾರಿ ತೋರಿಸಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಮನೆಯಲ್ಲಿ ಕುಳಿತು ಕಲಿಯುವವರಿಗೆ ಈ ಕೆಲಸದಲ್ಲಿ ಒಂದು ದೊಡ್ಡ ಪಾಠವಿದೆ. ತುಂಡು ಚಿಕ್ಕದಿದ್ದಷ್ಟೂ ಹೊಲಿಗೆ ದಟ್ಟವಾಗಬೇಕು. ಅಂಗೈಯಷ್ಟು ಬಟ್ಟೆ ವರ್ಷಗಟ್ಟಲೆ ಬಾಳುವುದು ಅದನ್ನು ಹಿಡಿದಿಟ್ಟ ದಾರದ ಬಲದಿಂದ.

ಪಾತ್ರೆಯವಳು ಬೇಡವೆಂದ ಸೀರೆ

'ಹಳೇ ಬಟ್ಟೆ, ಪಾತ್ರೇ...' ಎಂದು ಕೂಗುತ್ತಾ ಬರುತ್ತಿದ್ದ ಹೆಂಗಸಿನ ಬುಟ್ಟಿಯ ಮುಂದೆ ಒಂದು ಕಾಲದಲ್ಲಿ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. 'ಅಕ್ಕಾ, ಇನ್ನೊಂದು ಪ್ಯಾಂಟು ಹಾಕು, ಡಬ್ಬಿ ತಗೋ' ಎಂದು ಅವಳು. 'ಜರಿ ಸೀರೆ ಕಣಮ್ಮ, ಬರೀ ಡಬ್ಬಿಗೆ ಕೊಡ್ತೀನಾ?' ಎಂದು ಇವರು. ಕೊಟ್ಟ ಬಟ್ಟೆ ಒಗೆದು, ಹೊಲಿಗೆ ಹಾಕಿಸಿಕೊಂಡು ಸಂತೆಯಲ್ಲಿ ಮತ್ತೊಬ್ಬರ ಮೈಗೆ ಸೇರುತ್ತಿತ್ತು. ಆ ವ್ಯಾಪಾರ ಇನ್ನೂ ಪೂರ್ತಿ ನಿಂತಿಲ್ಲ, ಆದರೆ ಕೊಡುವ ಬಟ್ಟೆ ಬದಲಾಗಿದೆ. ಹೊಸದೇ ಅಗ್ಗಕ್ಕೆ ಸಿಗುವಾಗ, ಎರಡು ಒಗೆತಕ್ಕೆ ಗುಂಜು ಏಳುವ ಹಳತನ್ನು ಕೊಳ್ಳುವವರು ಯಾರು?

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 9.2 ಕೋಟಿ ಟನ್ ಬಟ್ಟೆ ಕಸವಾಗುತ್ತಿದೆ ಎನ್ನುತ್ತದೆ ವಿಶ್ವಸಂಸ್ಥೆಯ ಪರಿಸರ ವಿಭಾಗ. 2025ರ ಮಾರ್ಚ್ 30ರ ಶೂನ್ಯ ತ್ಯಾಜ್ಯ ದಿನಕ್ಕೆ ವಿಶ್ವಸಂಸ್ಥೆ ಆರಿಸಿಕೊಂಡ ವಿಷಯವೂ ಬಟ್ಟೆಯೇ. ಭಾರತದ ಪಾಲು ವರ್ಷಕ್ಕೆ ಸುಮಾರು 78 ಲಕ್ಷ ಟನ್ ಎಂದು 'ಫ್ಯಾಷನ್ ಫಾರ್ ಗುಡ್' ಸಂಸ್ಥೆಯ 2022ರ ವರದಿ ಲೆಕ್ಕ ಹಾಕಿತ್ತು. ಅದರಲ್ಲಿ ಅರ್ಧಕ್ಕೂ ತುಸು ಹೆಚ್ಚು ನಮ್ಮ ಮನೆಗಳಿಂದ ಹೊರಬೀಳುವ ಹಳೇ ಬಟ್ಟೆ. ಉಳಿದದ್ದರಲ್ಲಿ ಬಹುಪಾಲು ಕಾರ್ಖಾನೆಗಳ ಕಸ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಅನ್ಶು ಗುಪ್ತಾ ಮುಖ್ಯರು. 1999ರಲ್ಲಿ ಅವರು ಕಟ್ಟಿದ 'ಗೂಂಜ್' ನಗರದ ಮನೆಗಳ ಹಳೇ ಬಟ್ಟೆಯನ್ನು ಹಳ್ಳಿಗೆ ಒಯ್ಯುತ್ತದೆ. ಬಟ್ಟೆಯನ್ನು ಭಿಕ್ಷೆಯಾಗಿ ಹಂಚುವುದಿಲ್ಲ. ಊರವರು ಕೂಡಿ ಬಾವಿ ತೋಡಿದ್ದಕ್ಕೆ, ದಾರಿ ಸರಿಪಡಿಸಿದ್ದಕ್ಕೆ ಸಲ್ಲುವ ಪ್ರತಿಫಲ ಅದು. ಉಡಲು ಬಾರದ ಹತ್ತಿ ಬಟ್ಟೆ ಹೆಣ್ಣುಮಕ್ಕಳ ತಿಂಗಳ ಪ್ಯಾಡಾಗುತ್ತದೆ, ಚೂರುಗಳು ಸುಜನಿ ಹೊದಿಕೆಯಾಗುತ್ತವೆ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ತೊಡಕು ಇರುವುದು ಪಾಲಿಸ್ಟರ್‌ನಲ್ಲಿ. ಅದು ಪ್ಲಾಸ್ಟಿಕ್ಕಿನ ನೂಲು. ಸುಟ್ಟರೆ ಹೊಗೆ ಕೆಟ್ಟದು, ಹೂತರೆ ಕೊಳೆಯುವುದಿಲ್ಲ. ಹೊಲದ ಬೇಲಿಗೆ ಕಟ್ಟಿದ ಸೀರೆ ಬೆಳೆ ಕಾಯುವುದೇನೋ ನಿಜ, ಆದರೆ ಬೆಳೆ ಮುಗಿದ ಮೇಲೆ ಅದನ್ನು ಬಿಚ್ಚಿ ಎತ್ತಿಡದಿದ್ದರೆ ಚೂರು ಚೂರಾಗಿ ನೇಗಿಲ ಸಾಲಿಗೆ ಸೇರುತ್ತದೆ. ಮುಂದಿನ ಬೆಳೆಗೆ ಅದೇ ಸೀರೆ ಬರುತ್ತದೆ, ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರೆ ಸಾಕು.

■ ಎಳೆಯೊಂದನ್ನು ಸುಟ್ಟು ನೋಡಿ
ಬಟ್ಟೆ ಯಾವುದೆಂದು ತಿಳಿಯದಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ. ಪಾಲಿಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಇದನ್ನು ಮಕ್ಕಳ ಕೈಗೆ ಕೊಡಬೇಡಿ.

ಯಾವುದಕ್ಕೆ ಯಾವ ಬಟ್ಟೆ

ಹಳೇ ಬಟ್ಟೆಯ ಕೆಲಸದಲ್ಲಿ ಮುಕ್ಕಾಲು ಪಾಲು ಜಾಣ್ಮೆ ವಿಂಗಡಣೆಯಲ್ಲೇ ಇದೆ. ರೇಷ್ಮೆಯನ್ನು ಸಿಂಗಾರಕ್ಕೆ, ಹತ್ತಿಯನ್ನು ಮೈಗೆ ಮತ್ತು ನೆಲಕ್ಕೆ, ಪಾಲಿಸ್ಟರನ್ನು ಹೊರಗಿನ ಕೆಲಸಕ್ಕೆ ಇಟ್ಟುಕೊಂಡರೆ ಅರ್ಧ ಗೆದ್ದಂತೆ.

ಬಾಗಿಲ ತೋರಣಕ್ಕೆ ರೇಷ್ಮೆ ಸೀರೆಯ ಅಂಚು ಹೇಳಿ ಮಾಡಿಸಿದ್ದು. ಅಂಚನ್ನು ಉದ್ದಕ್ಕೆ ಕತ್ತರಿಸಿ, ಹಿಂಬದಿಗೆ ಹಳೇ ಪಂಚೆಯ ಪಟ್ಟಿ ಇಟ್ಟು ಹೊಲಿದರೆ ಜೀರ್ಣವಾದ ರೇಷ್ಮೆಗೂ ಬೆನ್ನೆಲುಬು ಬರುತ್ತದೆ. ಒಡಲ ಬಟ್ಟೆಯನ್ನು ಮಾವಿನೆಲೆಯ ಆಕಾರದಲ್ಲಿ ಎರಡೆರಡು ಪದರ ಹೊಲಿದು, ಮಗುಚಿ, ಸಾಲಾಗಿ ಇಳಿಬಿಡಬಹುದು. ಸೆರಗಿನ ತುದಿಯ ಎಳೆಗಳನ್ನು ಬಿಚ್ಚಿ ಗಂಟು ಹಾಕಿದರೆ ಕುಚ್ಚು. ಸೀರೆಗೆ ಕುಚ್ಚು ಕಟ್ಟಿ ಸಂಪಾದಿಸುವ ಹೆಂಗಸರು ಈಗ ಬೀದಿಗೊಬ್ಬರಿದ್ದಾರೆ, ಅವರ ಬಳಿ ಒಂದು ಮಧ್ಯಾಹ್ನ ಕುಳಿತರೆ ಕೈ ಪಳಗುತ್ತದೆ. ದೀಪಾವಳಿಗೆ ಮಾತ್ರ ಎಚ್ಚರ ಬೇಕು. ಹಣತೆ ಇಡುವಲ್ಲಿ ಯಾವ ಬಟ್ಟೆಯ ತೋರಣವೂ ಬೇಡ. ಅದರಲ್ಲೂ ಪಾಲಿಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಸವೆದ ಪ್ಲಾಸ್ಟಿಕ್ ಬಳೆಗೆ ರೇಷ್ಮೆಯ ಕಿರಿದಾದ ಪಟ್ಟಿಯನ್ನು ಓರೆಯಾಗಿ ಸುತ್ತಿ ತುದಿಯನ್ನು ಒಳಬದಿಯಲ್ಲಿ ಹೊಲಿದರೆ ಹಬ್ಬದ ಸೀರೆಗೆ ಹೊಂದುವ ಬಳೆ. ಅದೇ ಪಟ್ಟಿಯೊಳಗೆ ಗೋಲಿಗಾತ್ರದ ಹತ್ತಿ ಉಂಡೆ ಇಟ್ಟು ನಡುನಡುವೆ ದಾರ ಬಿಗಿದರೆ ಸರ.

ಟೀ–ಶರ್ಟನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಎಳೆದರೆ ತಾನೇ ಸುರುಳಿಯಾಗುತ್ತದೆ. ಮೂರು ಪಟ್ಟಿ ಸೇರಿಸಿ ಜಡೆ ಹೆಣೆದು, ಜಡೆಯನ್ನು ವೃತ್ತಾಕಾರವಾಗಿ ಸುತ್ತುತ್ತಾ ಬದಿಗೆ ಬದಿ ಹೊಲಿದರೆ ಕಾಲೊರಸು. ನೆಲದ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡೇ ಹೊಲಿಯಬೇಕು, ಕೈಯಲ್ಲಿ ಎತ್ತಿ ಹೊಲಿದರೆ ಬಟ್ಟಲಿನ ಹಾಗೆ ಮೇಲೆದ್ದು ನಿಲ್ಲುತ್ತದೆ. ಜೀನ್ಸ್ ಪ್ಯಾಂಟಿನ ಕಾಲು ಒಳಪದರದ ಅಗತ್ಯವಿಲ್ಲದಷ್ಟು ಗಟ್ಟಿ, ತರಕಾರಿ ಚೀಲಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲದ ಜೊತೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಬಾವುಟಗಳನ್ನೂ ನಿಷೇಧಿಸಿದೆ. ಊರ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ಬೀದಿ ಸಿಂಗಾರಕ್ಕೆ ಹಳೇ ಸೀರೆಯ ಮುಕ್ಕೋನ ಪತಾಕೆಗಳು ಸಾಲುಗಟ್ಟಿದರೆ ಕಾನೂನೂ ಪಾಲನೆಯಾಗುತ್ತದೆ, ಬಣ್ಣಕ್ಕೂ ಕೊರತೆಯಿಲ್ಲ. ಪಾಲಿಸ್ಟರ್ ಸೀರೆಗೆ ಇದು ತಕ್ಕ ಕೆಲಸ. ಕಟ್ಟಿ, ಬಿಚ್ಚಿ, ಮಡಿಸಿಟ್ಟು, ಮರುವರ್ಷ ಮತ್ತೆ ಕಟ್ಟಬಹುದು.

ಕೂಸಿನ ವಸ್ತುಗಳಿಗೆ ಮಣಿ, ಗುಂಡಿ, ಕನ್ನಡಿ ಹೊಲಿಯಬಾರದು. ಅವು ಕಿತ್ತು ಬಾಯಿಗೆ ಹೋಗುತ್ತವೆ.

ಸೂಜಿಗೆ ಕೂಲಿ

ಮನೆಯ ಹವ್ಯಾಸವಾಗಿ ಇದೆಲ್ಲ ಸೊಗಸು. ಆದರೆ ಕೌದಿ ದೊಡ್ಡ ಕೆಲಸ, ದಿನಗಟ್ಟಲೆ ಬೆನ್ನು ಬಾಗಿಸಿ ಕೂರಬೇಕು. ಉತ್ತರ ಕರ್ನಾಟಕದ ಊರುಗಳಲ್ಲಿ ಮನೆ ಬಾಗಿಲಿಗೆ ಬಂದು, ಪಡಸಾಲೆಯಲ್ಲಿ ಕುಳಿತು, ಮನೆಯವರ ಹಳೇ ಬಟ್ಟೆಯನ್ನೇ ಕೌದಿಯಾಗಿ ಹೊಲಿದುಕೊಡುವ ಹೆಂಗಸರಿದ್ದಾರೆ. ಅವರ ಕೈಗೆ ಬರುವ ಗಂಟಿನಲ್ಲಿ ಹತ್ತಿಗಿಂತ ಪಾಲಿಸ್ಟರ್ ಹೆಚ್ಚಾಗುತ್ತಾ ಬಂದಿದೆ. ಜಾರುವ ಬಟ್ಟೆಗೆ ಸೂಜಿ ಸರಿಯಾಗಿ ಕೂರುವುದಿಲ್ಲ, ಹೊದ್ದವರಿಗೆ ಬೆವರು. ಮಿಷಿನ್ನಿನ ರಗ್ಗು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದರಿಂದ ಕೂಲಿ ಕೇಳಿದರೆ ಜನ ಚೌಕಾಸಿಗೆ ಇಳಿಯುತ್ತಾರೆ. ಅತ್ತ ನಗರದ ಅಂಗಡಿಗಳಲ್ಲಿ ಇದೇ ಕೌದಿ ಕಲಾಕೃತಿಯೆಂದು ಒಳ್ಳೆಯ ಬೆಲೆಗೆ ಮಾರಾಟವಾಗುತ್ತದೆ. ಹೊಲಿದವರ ಪಾಲಿಗೆ ಆ ಬೆಲೆಯಲ್ಲಿ ಎಷ್ಟು ಬಂತೆಂದು ಕೊಳ್ಳುವವರು ಕೇಳಬೇಕು. ಅಂಗಡಿಯವರು ಹೇಳಬೇಕು.

ತುಮಕೂರು ಸೀಮೆಯ ಸ್ತ್ರೀಶಕ್ತಿ ಸಂಘಗಳಲ್ಲಿ ಹೊಲಿಗೆ ಬಲ್ಲವರಿಗೆ ಕೊರತೆಯಿಲ್ಲ. ಗುಬ್ಬಿ, ಕುಣಿಗಲ್ ಪೇಟೆಗಳಲ್ಲಿ ಟೈಲರ್ ಅಂಗಡಿಗಳ ಮೂಲೆಯಲ್ಲಿ ರವಿಕೆಯ ಕತ್ತರಿಕೆ ಚೀಲಗಟ್ಟಲೆ ಬಿದ್ದಿರುತ್ತದೆ. ಗ್ರಾಮ ಪಂಚಾಯಿತಿಗಳು ಒಣಕಸದ ಜೊತೆ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸಿ, ಹತ್ತಿ–ರೇಷ್ಮೆಯನ್ನು ವಿಂಗಡಿಸಿ ಸಂಘಗಳಿಗೆ ಕೊಟ್ಟರೆ ಚೀಲ, ಪತಾಕೆ, ಕಾಲೊರಸು, ಸಂಚಿ ಊರಲ್ಲೇ ತಯಾರಾಗುತ್ತವೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಕೋಣೆ, ನಾಲ್ಕು ಹೊಲಿಗೆ ಮಿಷಿನ್, ತಪ್ಪದೆ ಸಿಗುವ ಕೂಲಿ ಬೇಕು.

ಈ ನವರಾತ್ರಿಗೆ ಟ್ರಂಕು ತೆರೆದಾಗ ಬಟ್ಟೆಯನ್ನು ಮೂರು ಗಂಟು ಮಾಡಿ. ರೇಷ್ಮೆಯ ಅಂಚನ್ನು ಗೊಂಬೆಗೆ ಇಟ್ಟುಕೊಳ್ಳಿ, ಪಾಲಿಸ್ಟರನ್ನು ಬೇಲಿ ಕಟ್ಟುವ ರೈತರಿಗೋ ಬೀದಿಯ ಪತಾಕೆಗೋ ಕೊಡಿ. ಹತ್ತಿಯ ಗಂಟನ್ನು ಹೊಲಿಯಬಲ್ಲ ಒಬ್ಬ ಹೆಣ್ಣುಮಗಳ ಮುಂದಿಡಿ, ಎಷ್ಟು ದಿನದ ಕೆಲಸವೆಂದು ಕೇಳಿ, ಅಷ್ಟೂ ದಿನದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.